ಗುಂಡಿ ಮುಟ್ಟದ ಟೈಲರ್

ನನ್ನ ಇಸ್ತ್ರಿ ಅಂಗಡಿಗೂ ಅವನ ಟೈಲರ್ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಇಪ್ಪತ್ತು ವರ್ಷದಿಂದ ಅವನು ಹೊಲಿದದ್ದಕ್ಕೆ ನಾನು ಇಸ್ತ್ರಿ ಹಾಕುತ್ತಿದ್ದೇನೆ. ಕಾಲರ್ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಶರ್ಟಿನ ಗುಂಡಿ ಮಾತ್ರ ಮುಟ್ಟುವುದಿಲ್ಲ. ಸೋಮಾರಿತನವಲ್ಲ, ಜಂಬವೂ ಅಲ್ಲ, ಗುಂಡಿ ಕಂಡರೆ ಅವನಿಗೆ ಭಯ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಆಮೇಲೊಂದು ದಿನ ನನ್ನ ಮೇಜಿನಿಂದ ಉರುಳಿದ ಗುಂಡಿಯೊಂದು ಅವನ ಕಾಲಿಗೆ ತಾಗಿತು. ಮುಖ ಬಿಳಿಚಿಕೊಂಡಿತು, ಹಾಕಿದ್ದ ಬನಿಯನ್ನು ಬೆವರಿಗೆ ತೊಯ್ದುಹೋಯಿತು, ಮೋರಿಯ ಹತ್ತಿರ ಕುಕ್ಕರಿಸಿ ವಾಂತಿ ಮಾಡಿಕೊಂಡ. ಅವತ್ತಿನಿಂದ ನನ್ನ ನಗು ನಿಂತಿತು.

ಯಾಕೆ ಎಂದರೆ ಅವನಿಗೂ ಗೊತ್ತಿಲ್ಲ. ನೆನಪು ಬಂದಾಗಿನಿಂದ ಹಾಗೆಯೇ ಅಂತೆ. ಹಾಗಿದ್ದ ಮೇಲೆ ಟೈಲರ್ ಯಾಕಾದೆ ಮಾರಾಯ ಎಂದು ಕೇಳಿದ್ದಕ್ಕೆ, ಅಪ್ಪ ಬಿಟ್ಟು ಹೋದ ಮಿಷನ್ನು ಬಿಟ್ಟರೆ ಮನೆಯಲ್ಲಿ ಬೇರೇನೂ ಇರಲಿಲ್ಲ ಎಂದ.

ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಇದ್ದವರು ಅವನು ಮತ್ತು ಅವನ ಅಕ್ಕ, ಇಬ್ಬರೇ. ಶರ್ಟು ಹೊಲಿದು ಪರದೆಯ ಆಚೆ ಕೊಟ್ಟರೆ ಅಕ್ಕ ಕಾಜಾ ಮಾಡಿ ಗುಂಡಿ ಹಾಕಿ, ಮಡಚಿ, ಮೇಲೊಂದು ಕಾಗದ ಮುಚ್ಚಿ ನೇರ ನನ್ನ ಕೈಗೆ ಕೊಡುತ್ತಿದ್ದಳು. ಗುಂಡಿ ಡಬ್ಬಿಯ ಮುಚ್ಚಳಕ್ಕೆ ದಾರ ಸುತ್ತಿ ಅಟ್ಟದ ಮೇಲಿಡುತ್ತಿದ್ದಳು. ತಮ್ಮನ ಗುಟ್ಟು ಗಿರಾಕಿಗಳ ಕಿವಿಗೆ ಬೀಳದ ಹಾಗೆ ಇಷ್ಟು ವರ್ಷ ಕಾದವಳು ಅವಳು.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಸ್ವಲ್ಪ ತೊದಲಿತು. ಗುಂಡಿಯಿಲ್ಲದ ಶರ್ಟುಗಳು ಬೆಂಚಿನ ಮೇಲೆ ಸೊಂಟದೆತ್ತರಕ್ಕೆ ಬೆಳೆದವು. ಬೇರೆಯವರ ಕೈಗೆ ಕೊಡಲು ಅವನಿಗೆ ನಾಚಿಕೆ. ನಾನೇ ಕೂತು ಎರಡು ಶರ್ಟಿಗೆ ಹಾಕಿಕೊಟ್ಟೆ. ಮೇಲಿನ ಗುಂಡಿ ಕೆಳಗಿನ ಕಾಜಾಕ್ಕೆ ಬಂದು ಎರಡೂ ವಾಪಸ್ಸಾದವು. ಗಿರಾಕಿಗಳು ಬಟ್ಟೆ ಹಿಂದಕ್ಕೆ ಕೇಳತೊಡಗಿದರು. ಅಕ್ಕನ ಕೈ ಬರಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಆ ದಿನಗಳಲ್ಲಿ ಅವನಿಗೆ ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಉಣ್ಣು ಎಂದರೆ ಉಣ್ಣುತ್ತಿದ್ದ, ಏಳು ಎಂದರೆ ಏಳುತ್ತಿದ್ದ. ನೋಡಿ ನೋಡಿ ನನಗೂ ಏನೂ ಅನ್ನಿಸದೆ ಹೋಯಿತು.

ಅಕ್ಕನ ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹುಡುಗಿ ಒಂದು ಬಟ್ಟೆ ತಂದಳು. ಅದರ ತುಂಬ ದೊಡ್ಡ ದೊಡ್ಡ ಗುಂಡಿ. ದಿನಾ ನಾಲ್ಕು ಗಂಟೆಗೆ ಅಕ್ಕ ಅವನ್ನು ಬಿಚ್ಚಿ ಹಾಕಬೇಕು, ಎದುರಿಗೆ ಒಬ್ಬರು ಬಟ್ಟೆ ಹಿಡಿದು ಕೂರಬೇಕು. ಇದನ್ನು ಕೇಳಿ ಅವನು ಎದ್ದು ಹೊರಗೆ ನಡೆದ. ಅಕ್ಕ ಆ ಹುಡುಗಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಓಡಿಹೋದಾಗ ಆ ಗಳಿಗೆಗೆ ಹಾಯೆನಿಸುತ್ತದೆ, ಆದರೆ ಮುಂದಿನ ಸಲ ಭಯ ಇನ್ನಷ್ಟು ಬಲಿತಿರುತ್ತದೆ, ಬಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ ಎಂದಳು ಹುಡುಗಿ. ಅಕ್ಕ ತಲೆಯೆತ್ತಿ ಅಟ್ಟದ ಮೇಲಿನ ಗುಂಡಿ ಡಬ್ಬಿಯನ್ನು ನೋಡಿದಳು.

"ಹಾಗಾದ್ರೆ ಅದನ್ನ ಸಾಕಿದ್ದು ನಾನೇನಾ?" ಎಂದಳು.

ಹುಡುಗಿ ಬಟ್ಟೆಯನ್ನು ಅಕ್ಕನ ಮಡಿಲಲ್ಲಿಟ್ಟು ಎದ್ದಳು.

ಮರುದಿನದಿಂದ ಅಕ್ಕ ಹಟ ಹಿಡಿದಳು, ಬಟ್ಟೆ ತಮ್ಮನೇ ಹಿಡಿಯಬೇಕು. ಮೊದಲ ವಾರ ಅವನು ಬಾಗಿಲಲ್ಲಿ ನಿಂತು ನೋಡಿದ, ಬಟ್ಟೆ ಹಿಡಿದವಳು ನಾನು. ಆಮೇಲೆ ಒಳಗೆ ಬಂದು ಕೂತ. ಆಮೇಲೆ ಬಟ್ಟೆಯ ಅಂಚು ಹಿಡಿದ, ಕಣ್ಣು ಮುಚ್ಚಿಕೊಂಡು. ಎದೆ ಡವಗುಟ್ಟುತ್ತಿದ್ದರೂ ಎದ್ದು ಹೋಗದಿರುವುದೇ ಅವನ ವ್ಯಾಯಾಮ. ಎರಡು ದಿನ ಹೋಗಿಯೇಬಿಟ್ಟ. ಒಮ್ಮೆ ನನಗೆ ರೇಗಿ, ಬಟ್ಟೆ ಹಿಡಿಯುವ ಕೈಗೇನು ಬಳೆ ತೊಡಿಸಬೇಕಾ ಎಂದು ಬೈದೆ. ಬೈದದ್ದಕ್ಕೆ ಈಗಲೂ ನಾಚಿಕೆಯಿದೆ.

ಐದನೇ ತಿಂಗಳು ಬೆರಳ ತುದಿಯಿಂದ ಒಂದು ಗುಂಡಿ ಮುಟ್ಟಿದ. ಭಯ ಹೋಯಿತಾ ಎಂದು ಕೇಳಿದೆ.

"ಹೋಗಿಲ್ಲ. ಅದಕ್ಕೂ ಬೇಜಾರು ಬಂದು ಪಕ್ಕದಲ್ಲೇ ಕೂತಿದೆ" ಎಂದ.

ಕಳೆದ ಸೋಮವಾರ ಇಸ್ತ್ರಿಗೆ ಒಂದು ಶರ್ಟು ಕೊಟ್ಟ. ಏಳು ಗುಂಡಿ, ಒಂದೂ ಸೊಟ್ಟಗಿಲ್ಲ. ಯಾರು ಹಾಕಿದ್ದು ಎಂದು ಕೇಳಬೇಕಾಗಿರಲಿಲ್ಲ. ಶರ್ಟು ಹಿಡಿದುಕೊಂಡು ಅಕ್ಕನ ಬಳಿ ಹೋದೆ. ಇವನೇ ಗೆದ್ದ ಮೇಲೆ ನಿನ್ನ ಕೈ ಬರುವುದೇನು ಮಹಾ ಎಂದೆ. ಅವಳು ಎಡಗೈಯಿಂದ ಒಂದೊಂದೇ ಗುಂಡಿ ಎಳೆದು ಗಟ್ಟಿಯಿದೆಯಾ ಎಂದು ನೋಡಿದಳು.

"ಈ ಕೈ ಬರಲ್ಲ ಅಂತ ಆ ಹುಡುಗಿ ಎರಡನೇ ತಿಂಗಳೇ ಹೇಳಿದ್ಲು ಕಣೆ. ಅವನಿಗೆ ಹೇಳ್ಬೇಡ. ಗೊತ್ತಾದ್ರೆ ಬಟ್ಟೆ ಕೆಳಗಿಟ್ಟುಬಿಡ್ತಾನೆ."

ನಾನು ಹೇಳಿಲ್ಲ. ನಿನ್ನೆ ನಾಲ್ಕು ಗಂಟೆಗೆ ಹಲಗೆಯ ಸಂದಿನಿಂದ ನೋಡಿದೆ. ಅಕ್ಕನ ಬೆರಳು ಗುಂಡಿಯ ಮೇಲಿಂದ ಜಾರುತ್ತಲೇ ಇತ್ತು. ಅವಳು ಉಸಿರು ತೆಗೆದುಕೊಳ್ಳಲು ಮುಖ ಆಚೆ ತಿರುಗಿಸಿದಾಗ, ಅವನು ಹೆಬ್ಬೆರಳಿನಿಂದ ಗುಂಡಿಯನ್ನು ಮೆಲ್ಲಗೆ ಕಾಜಾದೊಳಕ್ಕೆ ತಳ್ಳಿದ.

"ನೋಡು, ಇವತ್ತು ನೀನೇ ಹಾಕ್ದೆ ಅಕ್ಕ" ಎಂದ.

ಹೌದಲ್ಲ ಎಂದಳು ಅವಳು.