ಏಳನೇ ಮನೆಯ ದೊರೆಸಾನಿ

ನಮ್ಮಣ್ಣನ ಮಗಳಿಗೆ ನಾನಿಟ್ಟ ಹೆಸರು ದೊರೆಸಾನಿ. ಹನ್ನೆರಡು ತುಂಬುವಷ್ಟರಲ್ಲಿ ಏಳು ಮನೆ ಕಂಡವಳು. ಪ್ರತಿ ಮನೆಯಲ್ಲೂ ಅವಳಿಗೆ ಸ್ವಂತ ಕೋಣೆ, ಓಡಾಡಲು ಕಂಪನಿ ಕೊಟ್ಟ ಕಾರು. ಅಣ್ಣನಿಗೆ ಬಡ್ತಿ ಸಿಕ್ಕಾಗಲೆಲ್ಲ ಊರು ಬದಲು. ಆ ದಿನ ಅವನು ಕೇಕು ತರುತ್ತಾನೆ. ಅದರ ಸಿಹಿ ಬಾಯಲ್ಲಿರುವಾಗಲೇ ಸಾಮಾನು ಕಟ್ಟುವವರು ಬಾಗಿಲಲ್ಲಿರುತ್ತಾರೆ. ಅತ್ತಿಗೆ ಆಗಷ್ಟೇ ಹಿಡಿದ ಕೆಲಸ ಬಿಡುತ್ತಾರೆ. ಇದನ್ನು ಅಣ್ಣ ಏಳಿಗೆ ಅನ್ನುತ್ತಾನೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯ ಅಂತ ನಾನನ್ನುತ್ತೇನೆ.

ರಜೆಗೆಂದು ನಾನು ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು ದೊರೆಸಾನಿ ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿ, ಮಾತಿನಲ್ಲೇ ನನ್ನನ್ನು ತನ್ನದೇ ಒಂದು ಮನೆಗೆ ಕರೆದೊಯ್ಯುತ್ತಿದ್ದಳು. ಇದ್ದ ಮನೆಗಳನ್ನೆಲ್ಲ ಸೇರಿಸಿ ಕಟ್ಟಿದ ಮನೆ ಅದು. ಎರಡನೇ ಮನೆಯ ಮರದ ಮೆಟ್ಟಿಲು ಇಳಿದರೆ ಐದನೇ ಮನೆಯ ಅಡುಗೆಮನೆ. ಅಲ್ಲಿನ ಕಿಟಕಿ ತೆಗೆದರೆ ಮೂರನೇ ಮನೆಯ ಸಮುದ್ರ. ಪರದೆ ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ತೂಕಡಿಕೆಯಲ್ಲಿ ನಾನೂ ಆ ಮೆಟ್ಟಿಲು ಇಳಿಯುತ್ತಿದ್ದೆ, ಉಪ್ಪುಗಾಳಿ ಮುಖಕ್ಕೆ ತಾಗುತ್ತಿತ್ತು.

“ಆ ಮನೇಲಿ ಬೇರೆ ಯಾರಿದಾರೆ?” ಒಮ್ಮೆ ಕೇಳಿದೆ.

“ಯಾರೂ ಇಲ್ಲ ಅತ್ತೆ. ಎಲ್ಲರ ಜೊತೆ ಜಗಳ ಆಗಿದೆ.”

ಅತ್ತಿಗೆಯ ದೂರೂ ಅದೇ. ಎಲ್ಲೇ ಹೋದರೂ ಇವಳು ಕೊನೆಗೊಂದು ಜಗಳ ತೆಗೆಯುತ್ತಾಳೆ, ಯಾರ ಬುದ್ಧಿ ಬಂದಿದೆಯೋ ಎಂದು ನನ್ನ ಕಡೆ ನೋಡುತ್ತಿದ್ದರು. ಇಲ್ಲಿ ಮಾತ್ರ ಕೆಳಗಿನ ಮಹಡಿಯ ಹುಡುಗಿಯೊಬ್ಬಳು ಗಟ್ಟಿಯಾಗಿ ಅಂಟಿಕೊಂಡಿದ್ದಳು. ಎರಡು ವರ್ಷದಿಂದ ಇವಳನ್ನು ಬಿಟ್ಟು ಅವಳಿಲ್ಲ, ಅವಳನ್ನು ಬಿಟ್ಟು ಇವಳಿಲ್ಲ.

ಆ ಶನಿವಾರ ಅಣ್ಣ ಕೇಕಿನ ಡಬ್ಬ ತಂದು ಮೇಜಿನ ಮೇಲಿಟ್ಟ. “ಅಮ್ಮ ಬರ್ಲಿ, ಹೇಳ್ತೀನಿ” ಅಂದ. ದೊರೆಸಾನಿ ಡಬ್ಬವನ್ನು ನೋಡಿದಳು, ಏನೂ ಕೇಳಲಿಲ್ಲ. ಕೆಳಗೆ ಹೋಗಿ ಹತ್ತು ನಿಮಿಷಕ್ಕೆ ಮುಖ ಕೆಂಪಗೆ ಮಾಡಿಕೊಂಡು ಬಂದಳು. ಕೋಣೆಯ ಬಾಗಿಲು ಹಾಕಿಕೊಂಡಳು.

ಅತ್ತಿಗೆ ಬಂದ ಮೇಲೆ ಎಲ್ಲರೂ ಅವಳನ್ನು ಕರೆಯಲು ಹೋದೆವು. ಗೋಡೆಯ ಮೇಲಿನ ಚಿತ್ರಗಳೆಲ್ಲ ಇಳಿದಿದ್ದವು. ಬಟ್ಟೆ, ಪುಸ್ತಕ ಎರಡು ಸೂಟ್‌ಕೇಸಿನಲ್ಲಿದ್ದವು. ಹಲ್ಲುಜ್ಜುವ ಬ್ರಷ್ಷನ್ನೂ ಕಾಲುಚೀಲದೊಳಗೆ ತುರುಕಿದ್ದಳು.

“ನಂದು ಆಯ್ತು. ಈ ಸಲ ಯಾವೂರು?”

ಅಣ್ಣ ನಕ್ಕುಬಿಟ್ಟ. “ಅಯ್ಯೋ ಹುಚ್ಚಿ, ಎಲ್ಲೂ ಹೋಗ್ತಿಲ್ಲ. ಅಮ್ಮಂಗೆ ಆಸ್ಪತ್ರೇಲಿ ಕೆಲಸ ಸಿಕ್ಕಿದೆ, ಅದಕ್ಕೆ ಕೇಕು. ಇನ್ಮೇಲೆ ಊರು ಬಿಡಲ್ಲ ಅಂತ ನಾನೂ ಆಫೀಸಲ್ಲಿ ಹೇಳಿದೀನಿ.”

ಕುಣಿದಾಡುತ್ತಾಳೆ ಅಂದುಕೊಂಡೆ. ಅವಳು ಸೂಟ್‌ಕೇಸಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

“ಮೊದ್ಲೇ ಹೇಳ್ಬಾರ್ದಿತ್ತಾ ಅಪ್ಪ? ಕೆಳಗಿನ ಮನೆಯವಳ ಜೊತೆ ಜಗಳ ಆಡಿ ಬಂದ್ಬಿಟ್ಟೆ. ನಮ್ಮನೆಗೆ ಬರಲೇಬೇಡ ಅಂದ್ಬಿಟ್ಟೆ.”

“ಯಾಕೆ ಮರಿ?” ಅಂದರು ಅತ್ತಿಗೆ.

“ಜಗಳ ಆಗಿದ್ರೆ ಹೋಗೋವಾಗ ಅಷ್ಟು ಅಳು ಬರಲ್ಲ. ಯಾವಾಗ್ಲೂ ಹಾಗೇ ಮಾಡೋದು ನಾನು.”

ಅಣ್ಣ ಅವಳ ಪಕ್ಕ ನೆಲದ ಮೇಲೆ ಕೂತ. ಬಿಟ್ಟುಬಂದ ಊರುಗಳ ಜಗಳಗಳೆಲ್ಲ ನನಗೆ ಒಟ್ಟಿಗೆ ನೆನಪಾದವು.

ಅತ್ತಿಗೆ ಕಣ್ಣೊರೆಸಿಕೊಂಡು ಕೇಕಿನ ಡಬ್ಬ ಎತ್ತಿಕೊಂಡರು. “ಏಳು, ಅವಳ ಮನೇಲೇ ಕತ್ತರಿಸೋಣ” ಅಂದರು.

ನಾಲ್ವರೂ ಮೆಟ್ಟಿಲಿಳಿದೆವು. ಕೆಳಮನೆಯ ಬಾಗಿಲ ಮುಂದೆ ದೊರೆಸಾನಿ ನಿಂತುಬಿಟ್ಟಳು. ಬೆಲ್ ಒತ್ತಲು ಹೋದ ಕೈಯನ್ನು ಹಿಂದಕ್ಕೆಳೆದು ನನ್ನ ಕೈ ಹಿಡಿದಳು.

“ಅತ್ತೆ, ಜಗಳ ಆದ್ಮೇಲೆ ಏನಂತ ಮಾತಾಡಿಸ್ತಾರೆ? ನಂಗೆ ಗೊತ್ತಿಲ್ಲ. ಜಗಳ ಆದ್ಮೇಲೆ ನಾವು ಯಾವ ಊರಲ್ಲೂ ಇರ್ಲೇ ಇಲ್ಲ.”