ಮೈ ಕಾಣದ ಬಟ್ಟೆ

ಮೌಶಿಯ ತಲೆಯ ಮೇಲೆ ಯಾವಾಗಲೂ ಐದಾರು ಸೂಜಿಗಳಿರುತ್ತಿದ್ದವು. ಬೋಳಿಸಿದ ತಲೆಯನ್ನು ಮುಚ್ಚಿದ ಕೆಂಪು ಸೆರಗಿನ ಅಂಚಿಗೆ, ಹಣೆಯ ನೇರಕ್ಕೆ, ಅವನ್ನು ಸಾಲಾಗಿ ಚುಚ್ಚಿಕೊಂಡಿರುತ್ತಿದ್ದಳು. ಒಂದೊಂದರಿಂದ ಒಂದೊಂದು ಬಣ್ಣದ ನೂಲು ಗೇಣುದ್ದ ಇಳಿಬಿದ್ದಿರುತ್ತಿತ್ತು. ಆಕೆ ಮಾತಾಡಿದರೆ ಹಳದಿ, ಹಸಿರು, ನೀಲಿ ಎಳೆಗಳು ಹುಬ್ಬಿನ ಮೇಲೆ ಅಲ್ಲಾಡುತ್ತಿದ್ದವು. ಐವತ್ತು ದಾಟಿದ ಮಡಿ ಹೆಂಗಸಿನ ಮೈಮೇಲೆ ಆ ಕೆಂಪಿನ ಹೊರತು ಬೇರೆ ಬಣ್ಣ ಬರಲು ಇದ್ದ ದಾರಿ ಅದೊಂದೇ. ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ದಿನ ವಾಡೆಯ ಬಾಗಿಲಲ್ಲಿ ಮೊದಲು ಕಂಡ ಮುಖ ಅದು. ನನಗೆ ನಗು ಬಂದುಬಿಟ್ಟಿತ್ತು.

ಶನಿವಾರ ಪೇಟೆಯ ಆ ವಾಡೆಯಲ್ಲಿ ಹನ್ನೊಂದು ಸಂಸಾರ. ಕನ್ನಡ ಮಾತಾಡುವವರು ನಾವು ಮತ್ತು ಮೌಶಿ ಮಾತ್ರ. ಮೌಶಿ ಅಂದರೆ ಚಿಕ್ಕಮ್ಮ; ಆಕೆ ಯಾರ ಮೌಶಿಯೂ ಅಲ್ಲ, ಆದರೆ ನನ್ನ ಅತ್ತೆಯೂ ಹಾಗೇ ಕರೆಯುತ್ತಿದ್ದರು. ಮರಾಠಿ ಹೆಂಗಸರಿಗೆ ಆಕೆ ಗೋಧಡಿ ಆಜೀ, ಕೌದಿ ಅಜ್ಜಿ. ನಲ್ಲಿಯ ಪಕ್ಕದ ಕತ್ತಲೆ ಕೋಣೆಯಲ್ಲಿ ಒಬ್ಬಳೇ ಇದ್ದು, ಒಪ್ಪೊತ್ತು ಉಂಡು, ಬೆಳಕಿರುವಷ್ಟು ಹೊತ್ತು ಬಾಗಿಲಲ್ಲಿ ಕೂತು ಹಳೆ ಬಟ್ಟೆಯ ಚೂರುಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಇಡೀ ವಾಡೆ ಆಕೆಯ ಕೌದಿ ಹೊದ್ದು ಮಲಗುತ್ತಿತ್ತು. ಕೌದಿಯ ನಾಲ್ಕೂ ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ಒಳಗೆ ಬಂದು, ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಒಂದು ಚೂರು ರೊಟ್ಟಿ ಇಟ್ಟು ಮುಚ್ಚುತ್ತಿದ್ದಳು. "ಹಸದ ಕೌದಿ ಹೊಚ್ಚಿಕೊಂಡರ ನಿದ್ದಿ ಹತ್ತಂಗಿಲ್ಲ" ಅನ್ನುತ್ತಿದ್ದಳು.

ಆಕೆಗೆ ಒಂದು ಹಟವಿತ್ತು. ಹೊಸ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಮೇಲಿನ ಮನೆಯ ವಕೀಲರ ಹೆಂಡತಿ ಒಮ್ಮೆ ಬಣ್ಣ ಇಷ್ಟವಾಗದ, ಮಡಿಕೆ ಬಿಚ್ಚದ ಸೀರೆಯನ್ನು ಕೌದಿಗೆ ತಂದುಕೊಟ್ಟರು. "ಆಧೀ ನೇಸಾ, ಮಗ ಆಣಾ" ಎಂದು ಮೌಶಿ ಅದನ್ನು ಹಾಗೇ ಹಿಂದಿರುಗಿಸಿದಳು. ಮೊದಲು ಉಡಬೇಕು, ಆಮೇಲೆ ತರಬೇಕು. ಪಾಪ, ಆ ವಕೀಲರ ಹೆಂಡತಿ ಇಡೀ ಮಳೆಗಾಲ ಆ ಬದನೆಕಾಯಿ ಬಣ್ಣದ ಸೀರೆ ಉಟ್ಟುಕೊಂಡು ಮೆಟ್ಟಿಲು ಹತ್ತಿ ಇಳಿದರು. ನಾನು ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಮೌಶಿ ತಲೆ ಎತ್ತದೆ, "ಮೈ ಕಾಣದ ಬಟ್ಟಿ ಬೆಚ್ಚಗಿರಂಗಿಲ್ಲ ತಂಗಿ" ಎಂದಳು. ನನ್ನ ಹೊಲಿಗೆ ನೋಡಿದರೆ ಮಾತ್ರ ಆಕೆಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಇದೇನ ಟಾಕಿ ಹಾಕೀಯ, ಕುಡದಾಂವ ನಡದಂಗ ಅದ" ಎಂದು ಬಿಚ್ಚಿ ಎಸೆಯುತ್ತಿದ್ದಳು.

ನನ್ನ ಗಂಡ ಸೈನ್ಯದ ಉಗ್ರಾಣದಲ್ಲಿ ಗುಮಾಸ್ತ. ಮದುವೆಯಾಗಿ ಎಂಟು ತಿಂಗಳಿಗೆ ಸಿಂಗಾಪುರಕ್ಕೆ ಕಳಿಸಿದರು. ಅಲ್ಲಿಂದ ಒಂದು ಪಾರ್ಸಲ್ ಬಂತು, ಅದರಲ್ಲಿ ಜಾವಾ ಸೀಮೆಯ ಐದು ತುಂಡು ಬಟ್ಟೆ. ಇದಕ್ಕೆ ಬಾಟಿಕ್ ಅನ್ನುತ್ತಾರೆ, ಹೆಂಗಸರು ಬಟ್ಟೆಯ ಮೇಲೆ ಬಿಸಿ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದುತ್ತಾರೆ, ಮೇಣವಿದ್ದಲ್ಲಿ ಬಣ್ಣ ಹತ್ತುವುದಿಲ್ಲ ಎಂದು ಕಾಗದದಲ್ಲಿ ಬರೆದಿದ್ದರು. ಕಂದು, ನೀಲಿ, ಕುಂಕುಮದ ಕೆಂಪು. ಮೇಣ ಸೀಳಿದಲ್ಲಿ ಬಣ್ಣ ಒಳಗಿಳಿದು ಕೂದಲೆಳೆಯಂಥ ಗೆರೆಗಳು. ಅತ್ತೆ ಅದನ್ನು ಮೂಸಿ ನೋಡಿ, "ಅಂವಾ ಬಂದಮ್ಯಾಲೆ ಹೊಲಿಸೋಣು" ಎಂದು ಟ್ರಂಕಿನಲ್ಲಿಟ್ಟರು. ಮೂರು ತಿಂಗಳಿಗೆ ಅಲ್ಲಿಗೂ ಯುದ್ಧ ಬಂತು. ಸಿಂಗಾಪುರ ಬಿತ್ತು. ಆಮೇಲೆ ಕಾಗದವಿಲ್ಲ. ಸರಕಾರದಿಂದ ಒಂದು ಸಾಲು ಬಂತು: ಪತ್ತೆ ಇಲ್ಲ.

ಒಂದು ವರ್ಷ ಕಳೆದ ಮೇಲೆ ಬೆಳಗಾವಿ ಕಡೆಯ ಒಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಕೊನೆಯ ಹಡಗಿನಲ್ಲಿ ಪಾರಾಗಿ ಬಂದವರು. ನಮ್ಮವರ ಉಗ್ರಾಣದ ಮೇಲೆ ಬಾಂಬು ಬಿದ್ದು ಉರಿದದ್ದನ್ನು ತಾವೇ ನೋಡಿದ್ದಾಗಿ ಹೇಳಿದರು. ಚಹಾ ಕುಡಿಯದೆ ಹೋದರು. ಭಾವ, ಅಂದರೆ ನನ್ನ ಗಂಡನ ಅಣ್ಣ, ಕೆಟ್ಟವರಲ್ಲ. ತಮ್ಮನ ಜೀವ ಗತಿಯಿಲ್ಲದೆ ಅಲೆಯಬಾರದೆಂಬ ಸಂಕಟ ಅವರದು. ಸಾಕ್ಷಿ ಸಿಕ್ಕಿತು, ಕರ್ಮ ಮಾಡಿಬಿಡೋಣ ಎಂದು ಪುರೋಹಿತರನ್ನು ಕರೆಸಿ ದಿನ ಗೊತ್ತುಮಾಡಿದರು. ಅತ್ತೆ ನನ್ನನ್ನು ಒಳಗೆ ಕರೆದು, "ಕೂದಲಿಗೆ ಯಾರೂ ಕೈ ಹಚ್ಚಂಗಿಲ್ಲ. ಕಾಲ ಬದಲಾಗ್ಯಾದ. ಬಳಿ, ಕುಂಕುಮ ಅಷ್ಟ" ಎಂದರು. ಅಷ್ಟೇ! ನನಗಾಗ ಹತ್ತೊಂಬತ್ತು. ಹ್ಞೂಂ ಎಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಒಂದು ಮಾತು ಬೇಡ, ಒಂದು ಅಳುವಾದರೂ ಅಳಬಹುದಿತ್ತು.

ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದ ಹೊತ್ತು, ಅಂಗಳದ ತುಂಬ ಹೆಂಗಸರು. ಅತ್ತೆ ಟ್ರಂಕಿನಿಂದ ಆ ಐದು ತುಂಡನ್ನು ತೆಗೆದು ಗಂಟು ಕಟ್ಟಿಕೊಂಡು ಇಳಿದರು. ನಾನು ಕೊಡ ಹಿಡಿದು ಹಿಂದೆ ಬಂದವಳು ಮೆಟ್ಟಿಲ ಮೇಲೇ ನಿಂತೆ.

"ಮೌಶಿ, ಇದನ್ನ ಕೌದಿ ಮಾಡಿ ಕೊಡ್ರಿ. ಶಯ್ಯಾದಾನಕ್ಕ ಬೇಕು."

ಸತ್ತವರ ಹೆಸರಿನಲ್ಲಿ ಹಾಸಿಗೆ ಹೊದಿಕೆ ದಾನ ಕೊಡುವುದು ಅದು. ಮೌಶಿಯ ಕೈ ನಿಂತಿತು. ಗಂಟು ಬಿಚ್ಚಿ ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು.

"ಇವು ಒಮ್ಮೆನೂ ಮೈ ಕಂಡಿಲ್ಲ. ನಾ ಕತ್ತರಿ ಹಾಕಂಗಿಲ್ಲ."

"ಇಂಥಾ ಹೊತ್ತಿನ್ಯಾಗ ನಿಮ್ಮ ಹಟ ಏನ್ರಿ!" ಎಂದರು ಅತ್ತೆ. "ರೇಷನ್ನಿನ್ಯಾಗ ಒಂದು ಚಾದರ ಸಿಗವಲ್ದು. ಅವನ ಕೈಲೆ ಬಂದದ್ದು ಅವನ ಹೆಸರಿಲೇ ಹೋಗಲಿ."

"ಅಂವಾ ಹೋದದ್ದು ಕಂಡವರು ಯಾರು?"

"ಉಗ್ರಾಣ ಸುಟ್ಟದ್ದು ಕಂಡಾರಲಾ!"

"ನಾ ಉಗ್ರಾಣ ಕೇಳಲಿಲ್ರಿ. ನಿಮ್ಮ ಮಗನ್ನ ಕೇಳಿದೆ."

ಅತ್ತೆ ಗಂಟಿಗೆ ಕೈ ಹಾಕಿದರು. "ಕೊಡ್ರಿ ಇಲ್ಲೆ. ಬ್ಯಾರೆದವರ ಕಡೆ ಹೊಲಿಸಿಕೋತೀನಿ." ಮೌಶಿ ಬಿಡಲಿಲ್ಲ. ಇಬ್ಬರು ವಯಸ್ಸಾದ ಹೆಂಗಸರು ಒಂದೇ ಬಟ್ಟೆಯ ಎರಡು ತುದಿ ಹಿಡಿದು ಎಳೆಯುತ್ತಿದ್ದರು. ನಲ್ಲಿಯ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ. ಅವರು ಕಳಿಸಿದ ಬಟ್ಟೆ ಹರಿದೇ ಹೋಗುತ್ತದೆ ಅನ್ನಿಸಿತು.

ಆಗ ಮೌಶಿ ತನ್ನ ಇನ್ನೊಂದು ಕೈಯಿಂದ ಸೆರಗನ್ನು ಹಿಂದಕ್ಕೆಳೆದಳು. ಸೂಜಿಗಳ ಸಮೇತ ಅದು ಹೆಗಲ ಮೇಲೆ ಬಿತ್ತು. ಅಷ್ಟು ಜನರೆದುರು, ಹಗಲು ಬೆಳಕಿನಲ್ಲಿ, ಆ ಬೋಳು ತಲೆಯನ್ನು ನಾವ್ಯಾರೂ ಅದುವರೆಗೆ ನೋಡಿರಲಿಲ್ಲ.

"ಇದನ್ನ ನೋಡ್ರಿ. ನನಗ ಹದಿನೈದು. ಅವರು ಮುಂಬೈದಾಗ ಛಾಪಖಾನಿಯೊಳಗ ಇದ್ರು. ಪ್ಲೇಗಿನ ಗಾಡ್ಯಾಗ ಒಯ್ಯೂದು ನೋಡಿದಾಂವ ಒಬ್ಬ, ಸತ್ರು ಅಂತ ಊರಿಗೆ ಕಾರ್ಡ ಬರದ. ಆ ಗಾಡಿ ಹತ್ತಿದವರು ಯಾರು ತಿರುಗಿ ಬರ್ತಾರ ಅಂತ. ನಮ್ಮ ಮಾವ ಹತ್ತನೇ ದಿವಸಕ್ಕ ಹಜಾಮನ್ನ ಕರಸಿದ್ರು. ದೀಪಾವಳಿ ಆದಮ್ಯಾಲೆ ಇನ್ನೊಬ್ಬಾಂವ ಅವರ ಟ್ರಂಕ ತಗೊಂಡು ಬಂದ. ಪ್ಲೇಗ ವಾಸಿ ಆಗಿತ್ತಂತ. ಕೈಯಾಗ ಬರಿಯೂ ಶಕ್ತಿ ಇದ್ದಿಲ್ಲಂತ. ನಾಕು ತಿಂಗಳಾ ಹಾಸಿಗ್ಯಾಗಿದ್ದು ಆಮ್ಯಾಲೆ ಹೋದ್ರಂತ. ದಿನಾ ಕೇಳತಿದ್ರಂತ, ಊರಿಂದ ಕಾಗದ ಬಂತೇನು ಅಂತ."

ಆಕೆ ಅಂಗೈಯಿಂದ ಬೋಳು ತಲೆ ಮುಟ್ಟಿಕೊಂಡಳು.

"ಸತ್ತವರಿಗೆ ಕಾಗದ ಯಾರು ಬರೀತಾರ್ರಿ? ನಾ ಹಿಂಗ ಕೂತಾಗ ಅವರು ಇದ್ರು. ನಾಕು ತಿಂಗಳಾ ಇದ್ರು."

ಅತ್ತೆಯ ಕೈ ಸಡಿಲಾಯಿತು. ಮೌಶಿ ಗಂಟನ್ನು ಎತ್ತಿಕೊಂಡು ಬಂದು ಮೆಟ್ಟಿಲ ಮೇಲಿದ್ದ ನನ್ನ ಕೈಗೆ ತುರುಕಿದಳು. "ತಗೋ. ಕುಪ್ಪಸ ಹೊಲಿಸಿ ತೊಡು. ಹರದಮ್ಯಾಲೆ ತಾ, ಆವಾಗ ಕೌದಿ ಮಾಡತೀನಿ." ಆಮೇಲೆ ಸೆರಗು ಹೊದ್ದುಕೊಂಡು, ನೆಲದಲ್ಲಿ ಬಿದ್ದ ಒಂದು ಸೂಜಿಯನ್ನು ಬಹಳ ಹೊತ್ತು ಹುಡುಕಿದಳು.

ಆ ಸಂಜೆ ಮನೆಯಲ್ಲಿ ದೊಡ್ಡ ಮಾತಾಯಿತು. ಆ ಬೋಳಿಯ ಮಾತು ಕೇಳಿ ಶಾಸ್ತ್ರ ಬಿಡಬೇಕೇ ಎಂದು ಭಾವ ಕೂಗಾಡಿದರು. ಅತ್ತೆ ಗೋಡೆಗೆ ಒರಗಿ ಕೂತವರು ಕೊನೆಗೆ ಒಂದೇ ಮಾತು ಆಡಿದರು: "ಅಕಿ ತೊಡಲಿ. ಹರಿಯೂತನಕ ನೋಡೋಣು." ಪುರೋಹಿತರಿಗೆ ಬರಬೇಡಿರೆಂದು ಹೇಳಿ ಕಳಿಸಿದರು.

ಹೀಗೆ ನಾನು ಬಾಟಿಕ್ ಕುಪ್ಪಸ ತೊಟ್ಟು, ಹಣೆಗೆ ಕುಂಕುಮವಿಟ್ಟು, ಇತ್ತ ಮುತ್ತೈದೆಯೂ ಅಲ್ಲದೆ ಅತ್ತ ವಿಧವೆಯೂ ಅಲ್ಲದೆ ಆ ವಾಡೆಯಲ್ಲಿ ಓಡಾಡಿದೆ. ಅರಿಶಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ತಿಳಿಯದೆ ನೆರೆಯವರು ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದರು. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಪ್ರತಿ ಶನಿವಾರ ಮೌಶಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಕುಪ್ಪಸದ ತೋಳು ಜಗ್ಗಿ ನೋಡಿ, "ಇನ್ನೂ ಗಟ್ಟಿ ಅದ" ಎಂದು ಕಳಿಸುತ್ತಿದ್ದಳು. ಆ ಮಾತಿಗಾಗಿ ವಾರವೆಲ್ಲ ಕಾಯುತ್ತಿದ್ದೆ.

ಸೆರೆ ಸಿಕ್ಕ ಸೈನ್ಯದವರಿಗೆ ಇಪ್ಪತ್ತೈದು ಮಾತಿನ ಕಾರ್ಡು ಬರೆಯಬಹುದು, ಇಂಗ್ಲಿಷಿನಲ್ಲೇ ಬರೆಯಬೇಕು ಎಂಬ ಸುದ್ದಿ ಬಂದಾಗ ಭಾವ ಒಲ್ಲೆ ಎಂದರು. ಇಲ್ಲದವನ ಹೆಸರಿಗೆ ಏನು ಬರೆಯುವುದು? ಮೌಶಿ ನನ್ನನ್ನು ಕೂರಿಸಿದಳು. "ನೀ ಸಾಲಿ ಕಲತೀಯಲ್ಲ? ಬರಿ." ಮೂರು ವರ್ಷದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದೆ: ನೀವು ಕಳಿಸಿದ ಬಟ್ಟೆ ತೊಟ್ಟಿದ್ದೇನೆ, ತಾಯಿ ಕ್ಷೇಮ, ಬನ್ನಿ. ಮೌಶಿ ಬೆರಳು ಮಡಚಿ ಎಣಿಸಿ, "ಇನ್ನೂ ಜಾಗಾ ಅದಲಾ?" ಎಂದಳು. ಬೇರೆ ಏನೂ ತೋಚಲಿಲ್ಲ. ಎರಡು ಮೂರು ತಿಂಗಳಿಗೊಂದರಂತೆ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಯುದ್ಧದ ಕೊನೆಯ ಮಳೆಗಾಲದಲ್ಲಿ ನೀಲಿ ಕುಪ್ಪಸ ಕಂಕುಳಲ್ಲಿ ಸೀಳಿತು. ನನಗೆ ಜೀವವೇ ಹೋದಂತಾಯಿತು. ಯಾರಿಗೂ ಹೇಳದೆ ನನ್ನ ಸೊಟ್ಟ ಹೊಲಿಗೆಯಲ್ಲಿ ಕೂಡಿಸಿ, ಶನಿವಾರ ತೋಳು ಬಿಗಿಹಿಡಿದು ನಿಂತೆ. ಮೌಶಿ ತೋಳೆತ್ತಿ ನೋಡಿದಳು. ಅಷ್ಟು ವರ್ಷ ನನ್ನ ಹೊಲಿಗೆಗೆ ಬೈದವಳು ಅಂದು ಏನೂ ಅನ್ನಲಿಲ್ಲ. ನೀಲಿ ನೂಲಿನ ಸೂಜಿ ತೆಗೆದು, ನನ್ನ ಮೈಮೇಲೇ ಆ ಸೀಳನ್ನು ಇರುವೆ ಹೆಜ್ಜೆಯಂಥ ಹೊಲಿಗೆಯಲ್ಲಿ ಮತ್ತೊಮ್ಮೆ ಹೊಲಿದು, "ಇನ್ನೂ ಗಟ್ಟಿ ಅದ" ಎಂದಳು.

ಯುದ್ಧ ಮುಗಿದ ಚಳಿಗಾಲದಲ್ಲಿ ಒಬ್ಬ ಮರಾಠಿ ಸಿಪಾಯಿ ನಮ್ಮ ವಾಡೆ ಕೇಳಿಕೊಂಡು ಬಂದ. ಬರೀ ಎಲುಬು. ನನ್ನ ಕುಪ್ಪಸವನ್ನೇ ನೋಡುತ್ತ, "ಅತ್ತಿಗೆ ನೀವೇನಾ?" ಎಂದು ಅವನ ಭಾಷೆಯಲ್ಲಿ ಕೇಳಿ, ಜೇಬಿನಿಂದ ಮಾಸಿ ಮೆತ್ತಗಾದ ಒಂದು ಕಾರ್ಡು ತೆಗೆದುಕೊಟ್ಟ. ನನ್ನದೇ ದೊಡ್ಡ ಅಕ್ಷರ. ಸೆರೆಶಿಬಿರದಲ್ಲಿ ಜ್ವರದಿಂದ ಹೋದರಂತೆ. ಆ ಕಾರ್ಡನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರಂತೆ. ಅತ್ತೆ ಅಂಗಳದಲ್ಲೇ ಕುಸಿದು ಕೂತರು. ಮೌಶಿ ಮಾತ್ರ ಮುಂದೆ ಬಂದು, "ಕಧೀ?" ಎಂದಳು. ಯಾವಾಗ?

ಅವನು ತಿಂಗಳು ಹೇಳಿದ. ಮೌಶಿ ಬೆರಳ ಗೆಣ್ಣಿನ ಮೇಲೆ ಎಣಿಸತೊಡಗಿದಳು. ನಲ್ಲಿಯ ಬಳಿ ಬಟ್ಟೆ ಎಳೆದಾಡಿದ ಆ ಬೆಳಗಿನಿಂದ ಹದಿನಾಲ್ಕು ತಿಂಗಳು ಅವರು ಬದುಕಿದ್ದರು. ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು ಮೊದಲ ಸಲ ಆಕೆ ಅತ್ತದ್ದನ್ನು ನೋಡಿದೆ. "ನೀ ಇದ್ದವಗ ಬರದೀ ತಂಗಿ," ಎಂದಳು, "ಇದ್ದವಗ ಬರದೀ."

ಕರ್ಮ ಮುಗಿದ ಮೇಲೆ ಕುಪ್ಪಸಗಳನ್ನೆಲ್ಲ ನಾನೇ ಆಕೆಯ ಮುಂದೆ ಇಟ್ಟೆ. ಅತ್ತೆ ಮಗನ ಹಳೆಯ ಧೋತರ ತಂದುಕೊಟ್ಟರು, ಒಳಪದರಕ್ಕೆ. ಮೌಶಿಯ ಕಣ್ಣು ಆಗಲೇ ಮಂಜಾಗಿತ್ತು. ಒಂದು ವರ್ಷ ಕಳೆದರೂ ಹೊಲಿಯುತ್ತಲೇ ಇದ್ದಳು. ಕಂದಿನ ಪಕ್ಕ ನೀಲಿ, ನೀಲಿಯ ಪಕ್ಕ ಕುಂಕುಮದ ಕೆಂಪು, ನಡುನಡುವೆ ಅತ್ತೆಯ ಇಳಕಲ್ ಸೀರೆಯ ಚೌಕ. ಸುತ್ತು ಸುತ್ತಾಗಿ ಒಳಗೆ ಬಂದಳು. ದೇಶ ಸ್ವತಂತ್ರವಾಗಲು ಎರಡು ತಿಂಗಳಿರುವಾಗ, ನಡುವೆ ಅಂಗೈಯಷ್ಟು ಜಾಗ ಉಳಿದಿರುವಾಗ, ಒಂದು ಮಧ್ಯಾಹ್ನ ಬಾಗಿಲಲ್ಲಿ ಕೂತಲ್ಲೇ ಕೌದಿಯ ಮೇಲೆ ಒರಗಿದಳು. ನಾವು ನಿದ್ದೆ ಎಂದುಕೊಂಡೆವು.

ಮೀಸುವ ಮೊದಲು ಹೆಂಗಸರು ಆಕೆಯ ಸೆರಗಿನಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದರು. ನೀಲಿ ನೂಲಿನದನ್ನು ನಾನು ಕೇಳಿ ತೆಗೆದುಕೊಂಡೆ. ಹದಿಮೂರು ದಿನ ಕಳೆದ ಮೇಲೆ ಆಕೆಯ ಬಾಗಿಲಲ್ಲಿ ಕೂತು, ಒಂದು ಚೂರು ರೊಟ್ಟಿ ಇಟ್ಟು, ಆ ಅಂಗೈ ಜಾಗವನ್ನು ಮುಚ್ಚಿದೆ. ಇಂದಿಗೂ ಅದನ್ನೇ ಹೊದ್ದು ಮಲಗುತ್ತೇನೆ. ಸುತ್ತಲೂ ಆಕೆಯ ಇರುವೆ ಹೆಜ್ಜೆ. ನಡುವೆ, ಎದೆಯ ಮೇಲೆ ಬರುವಲ್ಲಿ, ಕುಡಿದವನು ನಡೆದಂಥ ನನ್ನ ಹೊಲಿಗೆ. ಅದನ್ನು ಬಿಚ್ಚಿ ಎಸೆಯುವವರು ಈಗ ಯಾರೂ ಇಲ್ಲ.