ಪಣಕಹಳ್ಳಿಯ ಗಂಟಕ್ಕ

ಊರಿಗೆಲ್ಲ ಗಂಟಕ್ಕನಾಗಿದ್ದ ನಾಗಮಲ್ಲಮ್ಮ ಪಾಠ ಹೇಳಿದ್ದನ್ನು ಪರಿಮಳ ಒಂದು ದಿನವೂ ಕಾಣಲಿಲ್ಲ. ಆದರೂ ಸಂಜೆಯಾದರೆ ಪಣಕಹಳ್ಳಿಯ ಮಕ್ಕಳೆಲ್ಲ ಅವಳ ಜಗುಲಿಯಲ್ಲೇ ಇರುತ್ತಿದ್ದರು. ಒಬ್ಬೊಬ್ಬರ ಚೀಲಕ್ಕೂ ಹುರಿ ಕಟ್ಟಿ, ನಾಳೆಯ ಒಂದೊಂದು ಕೆಲಸಕ್ಕೂ ಒಂದೊಂದು ಗಂಟು ಹಾಕಿಸುತ್ತಿದ್ದಳು. "ಮೊದ್ಲು ಕಷ್ಟದ್ದು, ಆಮೇಲೆ ಸಸಾರದ್ದು. ಕೆಲ್ಸ ಮುಗಿಸ್ದೆ ಗಂಟು ಬಿಚ್ಚುದ್ರೆ ಕೈ ಮುರ್ದ್‌ಬುಡ್ತೀನಿ ಕಣ್ಲಾ!" ಸಾರಿಗೆ ಉಪ್ಪು ಹಾಕಲು ಒಂದು, ಕರುವಿಗೆ ನೀರಿಡಲು ಒಂದು ಎಂದು ತಾನೂ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು; ಮಧ್ಯಾಹ್ನಕ್ಕೆಲ್ಲ ಆ ಸೆರಗು ಗೇಣುದ್ದಕ್ಕೆ ಗಿಡ್ಡವಾಗಿರುತ್ತಿತ್ತು. ಎಲ್ಲ ಬಿಚ್ಚಿದ ಮೇಲೂ ತುದಿಯಲ್ಲೊಂದು ಗಂಟು ಉಳಿಯುತ್ತಿತ್ತು. ಸೀರೆ ಬದಲಾದರೂ ಅದು ತಪ್ಪುತ್ತಿರಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ, ಆ ಜಗುಲಿಯಿಂದ ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೊರಟ ಮೊದಲ ಹುಡುಗಿ ಪರಿಮಳ, ತಾಳವಾಡಿ ಬಸ್ಸಿಗೆ ಕಾಯುತ್ತಾ, ಕಳಿಸಲು ಬಂದಿದ್ದ ಗಂಟಕ್ಕನನ್ನು ಆ ಗಂಟು ಯಾವ ಕೆಲಸದ್ದೆಂದು ಕೇಳಿಯೇಬಿಟ್ಟಳು. "ಆಲ್ ಟಿಕೀಟು ಕಣಮ್ಮಿ. ನಿನ್ನಷ್ಟಿದ್ದಾಗ ಮನೇಲೇ ಬುಟ್ಟು ಓಗಿದ್ದೆ. ತರಕ್ಕೆ ವಾಪಸ್ ಬಂದೆ, ಮತ್ತೆ ಬಸ್ಸೇ ಇರ್ನಿಲ್ಲ" ಎಂದವಳು ಪರಿಮಳಳ ಚೀಲಕ್ಕೆ ಕೈಹಾಕಿ ಹಾಲ್ ಟಿಕೆಟ್ಟನ್ನು ಮೂರನೇ ಸಲ ಮುಟ್ಟಿ ನೋಡಿದಳು. ಬಸ್ಸು ಹೊರಟಾಗ ಪರಿಮಳ ಕಿಟಕಿಯಿಂದ ಹಿಂತಿರುಗಿ ನೋಡಿದರೆ, ಗಂಟಕ್ಕ ರಸ್ತೆಯಲ್ಲೇ ನಿಂತು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಆ ಗಂಟನ್ನು ಬಿಚ್ಚುತ್ತಿದ್ದಳು.